ಸರದಿ ಪುಸ್ತಕ

2021ರ ಮಾರ್ಚ್ 31. ರಾತ್ರಿ ಹನ್ನೊಂದಾದರೂ ಕಚೇರಿಯ ಪಡಸಾಲೆಯಲ್ಲಿ ಆರೇಳು ಗುತ್ತಿಗೆದಾರರು ಕುಳಿತೇ ಇದ್ದರು. ರಾಯಚೂರು ಜಿಲ್ಲೆಯ ಒಂದು ಇಂಜಿನಿಯರಿಂಗ್ ವಿಭಾಗದಲ್ಲಿ ನಾನು ಆಗ ಲೆಕ್ಕ ಅಧೀಕ್ಷಕ. ಇಂತಿಷ್ಟು ಹಣ ಪಾವತಿಸಬಹುದು ಎಂದು ಮೇಲಿನಿಂದ ಬರುವ ಅಪ್ಪಣೆಗೆ ನಮ್ಮಲ್ಲಿ ಎಲ್‌ಒಸಿ ಎನ್ನುತ್ತಾರೆ. ಅಂದು ಬಂದ ಎಲ್‌ಒಸಿ ನನ್ನ ಮೇಜಿನ ಮೇಲಿದ್ದ ಬಿಲ್ಲುಗಳ ಮೂರನೇ ಒಂದು ಪಾಲಿಗೂ ಸಾಲುತ್ತಿರಲಿಲ್ಲ.

ಮಾನ್ವಿ ಕಡೆಯ ಸಣ್ಣ ಗುತ್ತಿಗೆದಾರರೊಬ್ಬರು ಒಳಗೆ ಬಂದರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಕ್ಯಾಂಪೊಂದಕ್ಕೆ ಹೋಗುವ ರಸ್ತೆಯಲ್ಲಿ ಮೋರಿ ಕಟ್ಟಿದ್ದರು, 4 ಲಕ್ಷ 86 ಸಾವಿರದ ಬಿಲ್ಲು. ಅವರು ಜಗಳವಾಡಲಿಲ್ಲ. “ಸಾಹೇಬರೇ, ಕೆಲಸ ಮುಗಿದು ಹತ್ತು ತಿಂಗಳಾಯಿತು. ದುಡ್ಡು ಈಗಲೇ ಬೇಡ. ಯಾವತ್ತು ಬರುತ್ತದೆ ಎಂದು ಒಂದು ದಿನ ಹೇಳಿರಿ, ಸಿಮೆಂಟ್ ಅಂಗಡಿಯವರಿಗೆ ಅದನ್ನೇ ಹೇಳುತ್ತೇನೆ” ಎಂದರು. ನನ್ನ ಬಳಿ ಹೇಳಲು ಒಂದು ದಿನವೂ ಇರಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಲೆಕ್ಕ ಬರೆದ ಕೈ ಅಂದು ಪೆನ್ನು ಕೆಳಗಿಟ್ಟಿತು.

ಆ ವರ್ಷ ಕೊರೊನಾದಿಂದ ರಾಜ್ಯದ ಆದಾಯ ಕುಸಿದಿತ್ತು ಎಂಬುದು ಎಲ್ಲರಿಗೂ ಗೊತ್ತು. ವಿತ್ತೀಯ ಹೊಣೆಗಾರಿಕೆಗೆ ದೇಶದಲ್ಲೇ ಮೊದಲು ಕಾನೂನು ಮಾಡಿದ್ದು ಕರ್ನಾಟಕ, 2002ರಲ್ಲಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ದಾಟಬಾರದು ಎಂಬುದು ಅದರ ಕಟ್ಟಳೆ. 2004-05ರಿಂದ 2019-20ರವರೆಗೆ ದಿನನಿತ್ಯದ ಆದಾಯ, ಖರ್ಚಿನ ರಾಜಸ್ವ ಖಾತೆಯಲ್ಲಿ ಪ್ರತಿವರ್ಷವೂ ಹೆಚ್ಚುವರಿಯೇ ಇತ್ತು. 2020-21ರಲ್ಲಿ ಅದು ಕೊರತೆಗೆ ತಿರುಗಿತು. ವಿತ್ತೀಯ ಕೊರತೆಗೆ ಕಾನೂನು ಹಾಕಿದ್ದ ಮಿತಿಯನ್ನೇ ಆ ವರ್ಷದ ಮಟ್ಟಿಗೆ ಶೇ 5ಕ್ಕೆ ಏರಿಸಬೇಕಾಯಿತು.

ಈ ಎರಡು ಕೊರತೆಗಳ ವ್ಯತ್ಯಾಸವನ್ನು ನಮ್ಮ ಕಡೆಯ ರೈತರಿಗೆ ವಿವರಿಸುವುದು ಕಷ್ಟವಲ್ಲ. ಸಾಲ ಮಾಡಿ ಬೋರ್‌ವೆಲ್ ಕೊರೆಸುವುದು ಬೇರೆ, ಸಾಲ ಮಾಡಿ ವಾರದ ಸಂತೆ ಮಾಡುವುದು ಬೇರೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಇವೆಲ್ಲ ಸಂತೆಯ ಖರ್ಚು. ಅದಕ್ಕೂ ಆದಾಯ ಸಾಲದಿದ್ದರೆ ಅದು ರಾಜಸ್ವ ಕೊರತೆ. ಎರಡೂ ಬಗೆಯ ಖರ್ಚಿಗೆ ಒಟ್ಟು ಎಷ್ಟು ಸಾಲ ಬೇಕಾಯಿತು ಎಂಬುದು ವಿತ್ತೀಯ ಕೊರತೆ. 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಅಂದಾಜಿಸಿದ ರಾಜಸ್ವ ಕೊರತೆ 19,262 ಕೋಟಿ, ವಿತ್ತೀಯ ಕೊರತೆ 90,428 ಕೋಟಿ, ಅಂದರೆ ರಾಜ್ಯದ ಒಟ್ಟು ಉತ್ಪನ್ನದ ಶೇ 2.95. ಶೇ 3ರ ಮಿತಿಗೆ ಕೂದಲೆಳೆಯಷ್ಟು ಕೆಳಗೆ.

ಆದರೆ ಮೋರಿ ಕಟ್ಟಿದವರ 4 ಲಕ್ಷ 86 ಸಾವಿರ ಇಂಥ ಯಾವ ಅಂಕಿಯಲ್ಲೂ ಇರುವುದಿಲ್ಲ. ಸರ್ಕಾರದ ಲೆಕ್ಕ ನಗದಿನ ಲೆಕ್ಕ. ಹಣ ಖಜಾನೆಯಿಂದ ಹೊರಬಿದ್ದ ದಿನ ಮಾತ್ರ ಅದು ಖರ್ಚು. ಕೆಲಸ ಮುಗಿದು, ಇಂಜಿನಿಯರ್ ಅಳತೆ ಪುಸ್ತಕಕ್ಕೆ ಸಹಿ ಹಾಕಿ, ಬಿಲ್ಲು ನನ್ನ ಮೇಜಿಗೆ ಬಂದಿದ್ದರೂ ಪಾವತಿಯಾಗದಿದ್ದರೆ ಕೊರತೆಯ ಲೆಕ್ಕದಲ್ಲಿ ಆ ಮೋರಿ ಇನ್ನೂ ಕಟ್ಟಿಯೇ ಇಲ್ಲ. ಸಂಬಳ ತಡೆಯಲಾಗದು, ಬಡ್ಡಿ ತಪ್ಪಿಸಲಾಗದು. ಮಿತಿಯೊಳಗೆ ಉಳಿಯಲು ತಡೆಹಿಡಿಯಬಹುದಾದದ್ದು ಇಂಥ ಬಿಲ್ಲುಗಳನ್ನೇ. ಅಷ್ಟು ದಿನ ಆ ಮನುಷ್ಯ ಸರ್ಕಾರಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಿರುತ್ತಾರೆ, ತಾವು ಮಾತ್ರ ಅಂಗಡಿಗೆ ಬಡ್ಡಿ ಕಟ್ಟುತ್ತಿರುತ್ತಾರೆ. ಇದು ಅನ್ಯಾಯ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಏಪ್ರಿಲ್ ಮೊದಲ ವಾರ ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ಒಂದನ್ನು ತಂದೆ. ಇಲಾಖೆಯ ಯಾವ ನಮೂನೆಯಲ್ಲೂ ಇಲ್ಲದ ಪುಸ್ತಕ. ಎಡಪುಟದಲ್ಲಿ ಪ್ರತಿ ಬಾಕಿ ಬಿಲ್ಲಿಗೆ ಒಂದು ಸಾಲು: ಅಳತೆ ದಾಖಲಾದ ದಿನ, ಯಾವ ಬಗೆಯ ಖರ್ಚು ಎಂದು ತೋರಿಸುವ ಲೆಕ್ಕ ಶೀರ್ಷಿಕೆ, ಮೊತ್ತ, ಸರದಿ ಸಂಖ್ಯೆ. ಲೆಕ್ಕ ಶೀರ್ಷಿಕೆಗಳನ್ನು ಬೆರೆಸಲಿಲ್ಲ. ಏಕೆಂದರೆ ರಸ್ತೆ ದುರಸ್ತಿಯ 3054ರಲ್ಲಿ ಬಂದ ಹಣವನ್ನು ಹೊಸ ರಸ್ತೆ, ಸೇತುವೆಗಳ 5054ಕ್ಕೆ ಮುರಿದು ಕೊಡಲು ಬರುವುದಿಲ್ಲ.

ಬಲಪುಟ ತುಂಬಿಸಲು ಹೆಚ್ಚು ದಿನ ಹಿಡಿಯಿತು. ಪ್ರತಿ ಶೀರ್ಷಿಕೆಯಡಿ ಈ ವರ್ಷದ ಅನುದಾನ ಎಷ್ಟು, ಈಗಾಗಲೇ ಮಂಜೂರಾಗಿ ನಡೆಯುತ್ತಿರುವ ಕಾಮಗಾರಿಗಳಿಗೆ ಇನ್ನೂ ಕೊಡಬೇಕಾದದ್ದು ಎಷ್ಟು? ಹಳೆಯ ಕಡತಗಳನ್ನೆಲ್ಲ ಬಿಚ್ಚಿ ಕೂಡಿಸಿದೆ. ಒಂದು ಶೀರ್ಷಿಕೆಯಲ್ಲಿ ಅನುದಾನ 6 ಕೋಟಿ, ಹೊಣೆ 19 ಕೋಟಿ. ಅಂದರೆ ಒಂದೂ ಹೊಸ ಕೆಲಸ ಕೊಡದಿದ್ದರೂ ಹಳೆಯದು ತೀರಲು ಮೂರು ವರ್ಷ ಮೀರುತ್ತದೆ. ಇದರ ಬೇರು ಟೋಕನ್ ಅನುದಾನ. ಕೋಟಿಗಟ್ಟಲೆ ಅಂದಾಜಿನ ಕೆಲಸಕ್ಕೆ ಬಜೆಟ್‌ನಲ್ಲಿ ಒಂದೆರಡು ಲಕ್ಷ ಇಟ್ಟು ಮಂಜೂರಾತಿ ಪಡೆಯುತ್ತಾರೆ. ಮಿಕ್ಕದ್ದು ಮುಂದಿನ ವರ್ಷಗಳ ತಲೆಗೆ.

ಅಂದಿನಿಂದ ಹೊಸ ಕಾಮಗಾರಿಯ ಕಡತ ನನ್ನ ಬಳಿ ಬಂದಾಗಲೆಲ್ಲ ಎರಡು ಸಾಲಿನ ಟಿಪ್ಪಣಿ ಬರೆಯತೊಡಗಿದೆ: ‘ಈ ಶೀರ್ಷಿಕೆಯಲ್ಲಿ ಅನುದಾನ ಇಷ್ಟು, ಬಾಕಿ ಹೊಣೆ ಇಷ್ಟು.’ ಅಭಿಪ್ರಾಯ ಬರೆಯಲಿಲ್ಲ. ಬಹಳಷ್ಟು ಕಡತಗಳು ಹಾಗೆಯೇ ಮಂಜೂರಾಗಿ ಬಂದವು. ಒಮ್ಮೆ ಮಾತ್ರ ಕಾರ್ಯಪಾಲಕ ಇಂಜಿನಿಯರ್ ಆ ಅಂಕಿಯ ಕೆಳಗೆ ಗೆರೆ ಎಳೆದು, ಎರಡು ಹೊಸ ರಸ್ತೆಗಳ ಪ್ರಸ್ತಾವ ನಿಲ್ಲಿಸಿ, ಅರ್ಧಕ್ಕೆ ನಿಂತಿದ್ದ ಸೇತುವೆಯೊಂದನ್ನು ಮೊದಲು ಮುಗಿಸಿ ಎಂದು ಬರೆದರು. ಎರೆಮಣ್ಣಿನ ಸೀಮೆಯಲ್ಲಿ ಅರೆಬರೆ ಕೆಲಸ ಎರಡು ಮಳೆಗಾಲ ಕಾಯುವುದಿಲ್ಲ. ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ, ಹಾಕಿದ ಜಲ್ಲಿ ಕುಸಿಯುತ್ತದೆ, ಅದೇ ಕೆಲಸಕ್ಕೆ ಮತ್ತೆ ಅಂದಾಜು ಪಟ್ಟಿ ಮಾಡಬೇಕಾಗುತ್ತದೆ. ಮುಂದೂಡಿದ ಕೊರತೆ ಹೀಗೆ ಬೆಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸರದಿಯ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದಾಗ ಕಚೇರಿಯಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಎರಡು ಬಾರಿ ಯಾರೋ ಹರಿದರು, ನಾನು ಮತ್ತೆ ಅಂಟಿಸಿದೆ. ಸರದಿ ತಪ್ಪಿಸಿ ಪಾವತಿ ಮಾಡಿಸಲು ಫೋನ್ ಬಂದಾಗ ಪಟ್ಟಿಯನ್ನು ತೋರಿಸಲು ಬರುತ್ತಿತ್ತು. ಎಲ್ಲ ಸಲವೂ ನಾನೇ ಗೆದ್ದೆ ಎಂದು ಹೇಳಲಾರೆ. ಆದರೂ ಜನ ನನ್ನ ಮೇಜಿಗೆ ಬರುವುದು ಕಡಿಮೆಯಾಯಿತು. ಫಲಕದ ಮುಂದೆ ನಿಂತು, ಬೆರಳಿಟ್ಟು ತಮ್ಮ ಸಂಖ್ಯೆ ನೋಡಿಕೊಂಡು ಹೋಗುತ್ತಿದ್ದರು.

ಮಾನ್ವಿಯ ಆ ಹಿರಿಯರ ಸಂಖ್ಯೆ 14 ಇತ್ತು. ಜೂನ್‌ನಲ್ಲಿ ಎಲ್‌ಒಸಿ ಬಂತು, ಒಂಬತ್ತಕ್ಕೆ ನಿಂತಿತು. ಸಾಯಂಕಾಲ ನಾನೇ ಅವರಿಗೆ ಫೋನ್ ಮಾಡಿದೆ: “ಈ ಸಲ ಆಗಲಿಲ್ಲ. ನಿಮ್ಮ ಮುಂದೆ ನಾಲ್ವರಿದ್ದಾರೆ. ಮುಂದಿನ ಕಂತು ಇಷ್ಟೇ ಬಂದರೂ ನಿಮ್ಮದು ಆಗುತ್ತದೆ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಲ್ವರು ಎಂದು ಅಂಗಡಿಯವರಿಗೆ ಹೇಳಲೇ?” ಎಂದು ಕೇಳಿದರು. ಹೇಳಿರಿ ಎಂದೆ. ಅಕ್ಟೋಬರ್‌ನಲ್ಲಿ ಅವರ ಸಾಲಿನ ಮೇಲೆ ಕೆಂಪು ಗೆರೆ ಎಳೆದೆ.