ಹಳೇ ಮಿಯಾಟಾನಾ, ಹೊಸ ಜಿಆರ್86 ತಗೋಳೋದಾ?

ಅಮೆರಿಕದಲ್ಲಿ ಈ ಎರಡು ಸ್ಪೋರ್ಟ್ಸ್ ಕಾರುಗಳ ಮಧ್ಯೆ ಒದ್ದಾಡ್ತಿರೋರು ಮೊದ್ಲು ದಿನಾ ಓಡಿಸ್ತೀರಾ ಇಲ್ಲಾ ವೀಕೆಂಡ್‌ಗೆ ಮಾತ್ರಾನಾ ಅಂತ ಡಿಸೈಡ್ ಮಾಡಿ. ದಿನಾ ಅಂದ್ರೆ ಟೊಯೋಟಾ ಜಿಆರ್86ನೇ, ಇಂಜಿನ್ 2.4 ಲೀಟರ್, 228 ಹಾರ್ಸ್‌ಪವರ್, ಏರ್‌ಬ್ಯಾಗು ಎಬಿಎಸ್ಸು ಎಲ್ಲಾ ಇದೆ. ವೀಕೆಂಡ್‌ಗಾದ್ರೆ 1990ರ ಮಜ್ದಾ ಮಿಯಾಟಾ ನೋಡಿ, ಪವರ್ ಅದರ ಅರ್ಧದಷ್ಟೇ ಆದ್ರೆ ಒಂದು ಟನ್ ಕೂಡ ತೂಗಲ್ಲ, ರೋಡಿನ ಪ್ರತಿ ಉಬ್ಬುತಗ್ಗೂ ಸ್ಟೀರಿಂಗಲ್ಲೇ ಕೈಗೆ ಗೊತ್ತಾಗತ್ತೆ, ಆ ಖುಷಿ ನನಗಂತೂ ಯಾವ ಹೊಸ ಕಾರಲ್ಲೂ ಸಿಕ್ಕಿಲ್ಲ. ತಗೋಳೋ ಮುಂಚೆ ಬಾಗಿಲ ಕೆಳಗಿನ ಸಿಲ್ಲು, ಹಿಂದಿನ ವೀಲ್ ಆರ್ಚು ಬಗ್ಗಿ ನೋಡಿ, ಪೇಂಟ್ ಹೊಡೆದು ತುಕ್ಕು ಮುಚ್ಚಿರ್ತಾರೆ, ಸಾಫ್ಟ್ ಟಾಪಿನ, ಅಂದ್ರೆ ಮಡಚೋ ಬಟ್ಟೆ ಛಾವಣಿಯ ನೀರು ಹೋಗೋ ತೂತು ಕಟ್ಕೊಂಡ್ರೆ ತುಕ್ಕು ಅಲ್ಲೇ ಶುರುವಾಗೋದು. ಇಂಜಿನ್‌ನ ವಾಲ್ವ್‌ಗಳನ್ನ ಓಡಿಸೋ ಟೈಮಿಂಗ್ ಬೆಲ್ಟ್ ಬದಲಾಯ್ಸಿದ ಬಿಲ್ ಕೇಳಿ. ತುಕ್ಕಿದ್ರೆ ರೇಟ್ ಎಷ್ಟು ಇಳಿಸಿದ್ರೂ ಬೇಡ, ಇಂಜಿನ್ ರಿಪೇರಿ ಸುಲಭ, ಬಾಡಿ ವೆಲ್ಡಿಂಗ್ ಜೇಬು ಖಾಲಿ ಮಾಡತ್ತೆ.