ತೊಗಟೆಯ ಮೇಲಿನ ಪತಂಗಕ್ಕೆ ಹೆಸರು ಹುಡುಕಿದ ಕಥೆ

ಕಳೆದ ಸೆಪ್ಟೆಂಬರಿನಲ್ಲಿ ಸಂಡೂರಿನ ಕುಮಾರಸ್ವಾಮಿ ಬೆಟ್ಟದ ಕಾಡಿನಲ್ಲಿ ಒಂದು ಮರದ ಬೊಡ್ಡೆಗೆ ಕೈ ಊರಿದೆ. ಬೆರಳ ಪಕ್ಕದಿಂದಲೇ ತೊಗಟೆಯ ಚೂರೊಂದು ಎದ್ದು ಹಾರಿತು! ಪಕ್ಕದ ಮರಕ್ಕೆ ಹೋಗಿ ಕೂತಿತು. ಕೂತ ಜಾಗ ಗೊತ್ತಿದ್ದರೂ ಕಣ್ಣಿಗೆ ಬೀಳಲಿಲ್ಲ.

ಹೇಗೋ ಫೋಟೊ ತೆಗೆದೆ. ಬೂದುಗಂದು ರೆಕ್ಕೆ, ಅಲೆಅಲೆ ಗೆರೆ. ಮನೆಯಲ್ಲಿ ಹೊಂದಿಸಿ ನೋಡಿದರೆ ಹಾಗೇ ಕಾಣುವ ಪತಂಗಗಳು ಎಷ್ಟೋ ಇದ್ದವು. ಕೂತಾಗ ಮುಂದಿನ ರೆಕ್ಕೆ ಹಿಂದಿನದನ್ನು ಪೂರ್ತಿ ಮುಚ್ಚಿಬಿಡುತ್ತೆ. ಗುರುತು ಇರುವುದು ಹಿಂದಿನದರಲ್ಲೇ. ಮತ್ತೆ ಮೂರು ಸಲ ಹೋದೆ. ಕಡ್ಡಿಯಿಂದ ಮೆಲ್ಲಗೆ ತಟ್ಟಿ, ಹಾರುವಾಗ ವಿಡಿಯೊ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕಪ್ಪು ರೆಕ್ಕೆ, ನಡುವೆ ಬಿಳಿ ಪಟ್ಟೆ, ಅಂಚಿನಲ್ಲಿ ಮೂರು ದೊಡ್ಡ ಬಿಳಿ ಮಚ್ಚೆ. ವೈಜ್ಞಾನಿಕ ಹೆಸರು ಅಕಿಯಾ ಜನಾಟಾ! ಜನಾಟಾ ಅನ್ನೋ ಹೆಸರು 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೊಟ್ಟದ್ದು.

ಪತಂಗದ ಫೋಟೊ ಅವ್ವನಿಗೆ ಗುರುತಾಗಲಿಲ್ಲ. ಅದರ ಹುಳುವಿನ ಚಿತ್ರ ತೋರಿಸಿದೆ. "ಔಡಲ ಎಲಿ ಬೋಳು ಮಾಡ್ತದಲ್ಲ, ಆ ಹುಳ ಅಲ್ಲೇನೋ ಇದು?" ಅಂದಳು. ಹಿತ್ತಲಿನ ಔಡಲದಲ್ಲೇ ಎಂಟು ಸಿಕ್ಕವು. ಕಪ್ಪು ತಲೆ, ಬಾಲದ ಹತ್ತಿರ ಕೆಂಪು ಗುಬುಟು. ನಡೆಯುವಾಗ ಬೆನ್ನು ಬಿಲ್ಲಿನಂತೆ ಬಗ್ಗುತ್ತೆ.

ಅವನ್ನು ಸಾಕಿ ನೋಡೋಣ ಅಂತ ಬಕೆಟ್ಟಿನಲ್ಲಿ ಎರಡು ಇಂಚು ಮಣ್ಣು, ಮೇಲೆ ಒಣ ಎಲೆ, ಬಾಯಿಗೆ ಸೊಳ್ಳೆ ಪರದೆಯ ಬಟ್ಟೆ. ಎಲೆ ತೊಳೆದು ಹಸಿಯಾಗೇ ಹಾಕಿದ್ದೆ, ಬೂಸ್ಟು ಹಿಡಿಯಿತು, ಎರಡು ಹುಳು ಸತ್ತವು. ಆಮೇಲೆ ಎಲೆ ಒರೆಸಿ ಹಾಕಿದೆ, ದಿನಾ ಹಿಕ್ಕೆ ತೆಗೆದೆ. ಒಂದು ಹುಳು ತಿನ್ನೋದನ್ನೇ ಬಿಟ್ಟಿತು. ಅದರ ಹಿಂಭಾಗದ ಕೆಳಗೆ ಒಂದು ಕಂದು ಗೂಡು ಅಂಟಿಕೊಂಡಿತ್ತು. ಕೆಲವು ದಿನಕ್ಕೆ ಅದರಿಂದ ಪುಟ್ಟ ಕಣಜ ಹೊರಬಂತು. ಬೇಸರಕ್ಕಿಂತ ಬೆರಗೇ ಜಾಸ್ತಿ ಆಯಿತು. ಹುಳುವಿನ ಒಡಲೊಳಗೇ ಬೆಳೆದು ಅದನ್ನು ಕೊಲ್ಲುವ ಕಣಜ, ಔಡಲದ ಹೊಲ ಕಾಯುವವರಲ್ಲಿ ಇದೂ ಒಂದು. ಸಿಕ್ಕಾಪಟ್ಟೆ ಔಷಧ ಹೊಡೆದರೆ ಹುಳುವಿನ ಜೊತೆ ಇದೂ ಹೋಗುತ್ತೆ, ಅಲ್ವಾ?

ಉಳಿದ ಐದು ಒಣ ಎಲೆ ಮಡಚಿ, ನೂಲು ಸುತ್ತಿ ಕೋಶವಾದವು. ಹನ್ನೆರಡನೇ ರಾತ್ರಿ ಮೊದಲ ಪತಂಗ ಬಂತು. ರೆಕ್ಕೆ ಹಿಂಡಿದ ಬಟ್ಟೆಯಂತೆ ಮುದುಡಿತ್ತು. ಅದು ಮೇಲೇರಿ ಜೋತಾಡಲು ಒರಟು ಕಡ್ಡಿ ಇಟ್ಟಿರಲೇಬೇಕು, ಇಲ್ಲದಿದ್ದರೆ ರೆಕ್ಕೆ ಸರಿಯಾಗಿ ಬಿಚ್ಚಲ್ಲ. ಇನ್ನು ಅದಕ್ಕೆ ಎಲೆ ಬೇಡ, ಹಣ್ಣಿನ ರಸವೇ ಊಟ.

ಅಂಗಳದ ಬೇವಿನ ಬೊಡ್ಡೆಗೆ ಬಿಟ್ಟೆ. ಅವ್ವ ಟಾರ್ಚ್ ಹಿಡಿದು ಬಂದು, "ಎಲ್ಲೈತೋ?" ಅಂತ ಹುಡುಕುತ್ತಲೇ ಇದ್ದಳು.