ಫೆಬ್ರವರಿಯ ಸೀನೆಲ್ಲ ನೆಗಡಿಯಲ್ಲ: ಚಳಿ ದೇಶಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಚಳಿ ದೇಶಕ್ಕೆ ಬಂದ ಹೊಸದರಲ್ಲಿ ಜಾಕೆಟ್, ಬೂಟು, ಹೀಟರ್ ಬಗ್ಗೆ ಎಲ್ಲರೂ ಹೇಳಿಕೊಡುತ್ತಾರೆ. ಮರಗಳ ಬಗ್ಗೆ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಮೊದಲ ಎರಡು ವರ್ಷ ನನಗೇನೂ ಆಗಲಿಲ್ಲ. ಮೂರನೇ ವರ್ಷ ಫೆಬ್ರವರಿಯಲ್ಲಿ ಮೂಗು ಸೋರಲು ಶುರುವಾಯಿತು. ಕಣ್ಣು ತುರಿಕೆ, ಒಂದರ ಹಿಂದೆ ಒಂದು ಸೀನು. ಹೊರಗೆ ಮೈ ನಡುಗುವ ಚಳಿ, ಮರದಲ್ಲಿ ಒಂದು ಎಲೆಯೂ ಇಲ್ಲ. ನೆಗಡಿ ಅಂದುಕೊಂಡೆ. ತೋರಿಸಿಕೊಂಡ ಕಡೆಯಲ್ಲೂ ನೆಗಡಿ ಅಂತಲೇ ಹೇಳಿ ಆಂಟಿಬಯಾಟಿಕ್ ಕೊಟ್ಟರು. ಮುಂದಿನ ವರ್ಷ ಸರಿಯಾಗಿ ಅದೇ ಹೊತ್ತಿಗೆ ಮತ್ತೆ ಬಂತು. ಆಗ ಪರೀಕ್ಷೆ ಮಾಡಿಸಿದೆ. ಹೇಜಲ್ ಮತ್ತು ಆಲ್ಡರ್ ಮರಗಳ ಪರಾಗದ ಅಲರ್ಜಿ ಅಂತ ಗೊತ್ತಾಯಿತು.

ಏನೂ ಆಗದ ಆ ಮೊದಲ ಎರಡು ವರ್ಷದ ಲೆಕ್ಕ ಮುಖ್ಯ. ಹೊಸ ಪರಾಗವನ್ನು ಮೈ ಮೊದಲ ಸಲ ಕಂಡ ಕೂಡಲೇ ಅಲರ್ಜಿ ಬರುವುದಿಲ್ಲ. ಮೈ ಮೊದಲು ಅದನ್ನು ಗುರುತು ಹಿಡಿಯಬೇಕು, ಅದರ ವಿರುದ್ಧ ತಯಾರಾಗಬೇಕು. ಅದಕ್ಕೆ ಕೆಲವು ಸೀಸನ್ ಬೇಕಾಗಬಹುದು. ಹಾಗಾಗಿ "ಹೋದ ವರ್ಷ ಏನೂ ಆಗಲಿಲ್ಲ, ನನಗೆ ಅಲರ್ಜಿ ಇಲ್ಲ" ಅಂತ ತೀರ್ಮಾನ ಮಾಡಬೇಡಿ.

ಚಳಿಗಾಲದಲ್ಲಿ ಪರಾಗ ಎಲ್ಲಿಂದ ಅಂತ ಕೇಳಬಹುದು. ಹೇಜಲ್, ಆಲ್ಡರ್, ಬರ್ಚ್ ಮರಗಳ ಗಂಡು ಹೂಗೊಂಚಲು ಹಿಂದಿನ ಬೇಸಿಗೆಯಲ್ಲೇ ತಯಾರಾಗಿರುತ್ತದೆ. ಕಿರುಬೆರಳಿನಷ್ಟು ಬಿಗಿಯಾದ ಗೊಂಚಲು ಚಳಿಗಾಲ ಪೂರ್ತಿ ಕೊಂಬೆಯಲ್ಲಿ ಕಾಯುತ್ತಾ ಕೂತಿರುತ್ತದೆ. ಮುಚ್ಚಿಕೊಂಡಿರುವಾಗ ಎಂಥ ಹಿಮವನ್ನೂ ತಡೆಯುತ್ತದೆ. ಇವುಗಳ ಪರಾಗ ಒಯ್ಯುವುದು ಜೇನುಹುಳವಲ್ಲ, ಗಾಳಿ. ಎಲೆ ಬಂದರೆ ಗಾಳಿಗೆ ಅಡ್ಡ, ಅಲ್ವಾ? ಅದಕ್ಕೇ ಎಲೆ ಪೂರ್ತಿ ಬರುವ ಮೊದಲೇ ಪರಾಗ ಉದುರಿಸಿಬಿಡುತ್ತವೆ. ಯುರೋಪಿನಲ್ಲಿ ಚಳಿ ಸ್ವಲ್ಪ ಕಡಿಮೆ ಇದ್ದ ವರ್ಷ ಹೇಜಲ್ ಜನವರಿಯಲ್ಲೇ ಶುರು ಮಾಡುತ್ತದೆ. ಬರ್ಚ್ ಬರುವುದು ಏಪ್ರಿಲ್ ಹೊತ್ತಿಗೆ. ಜಪಾನಿನ ಸುಗಿ ಮರದ ಕಾಟ ಫೆಬ್ರವರಿಯಿಂದ. ಟೆಕ್ಸಾಸ್ ನಡುಭಾಗದಲ್ಲಿ ಮೌಂಟನ್ ಸೀಡರ್ ಅನ್ನುವ ಜ್ಯೂನಿಪರ್ ಮರದ ಕಾಟ ಡಿಸೆಂಬರ್‌ನಲ್ಲೇ ಹಿಡಿಯುತ್ತದೆ. ಅಲ್ಲಿನವರು ಅದನ್ನು ಸೀಡರ್ ಫೀವರ್ ಅನ್ನುತ್ತಾರೆ. ಹೆಸರಿಗಷ್ಟೇ ಜ್ವರ, ನಿಜಕ್ಕೂ ಅಲರ್ಜಿ.

ಈಗ ಹವೆಯ ವಿಷಯ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕಷ್ಟ ಕಡಿಮೆ. ಈ ಮರಗಳಿಗೆ ಮೊದಲು ಒಂದಷ್ಟು ಚಳಿ ಸಿಗಬೇಕು, ಆಮೇಲೆ ಒಂದಷ್ಟು ಬಿಸಿ ಸಿಗಬೇಕು. ಎರಡೂ ಆದ ಮೇಲೆ ಹೂಗೊಂಚಲು ಬಿಚ್ಚುತ್ತದೆ. ಸಾಮಾನ್ಯವಾಗಿ ಚಳಿ ಕಡಿಮೆಯಾದ ವರ್ಷ ಸೀಸನ್ ಬೇಗ ಶುರುವಾಗುತ್ತದೆ. ಚಳಿ ಮಾರ್ಚ್‌ವರೆಗೂ ಬಿಡದೆ ಹಿಡಿದರೆ ತಡವಾಗುತ್ತದೆ. ತಡವಾಯಿತು ಅಂತ ಖುಷಿಪಡಬೇಡಿ. ಚಳಿ ಒಮ್ಮೆಗೇ ಬಿಟ್ಟು ಬಿಸಿಲು ಬಂದರೆ, ಒಂದಾದ ಮೇಲೊಂದು ಬರಬೇಕಿದ್ದ ಮರಗಳು ಒಟ್ಟಿಗೇ ಹೂ ಬಿಡುತ್ತವೆ. ನನ್ನ ಅನುಭವದಲ್ಲಿ ಅಂಥ ವಾರಗಳೇ ಎಲ್ಲಕ್ಕಿಂತ ಕಷ್ಟ.

ಹಿಮ, ಮಳೆ ಬೀಳುವ ದಿನ ಗಾಳಿ ತೊಳೆದಂತಾಗಿ ಉಸಿರು ಹಗುರವಾಗುತ್ತದೆ. ಆದರೆ ಮಾರನೇ ದಿನ ಆಕಾಶ ತಿಳಿಯಾಗಿ ಒಣಗಾಳಿ ಬೀಸಿದರೆ ಎಚ್ಚರ. ಪರಾಗದ ಚೀಲ ಒಡೆಯುವುದು ಒಣಹವೆಯಲ್ಲಿ. ನೆಲದ ಮೇಲೆ ಹಿಮ ಇದ್ದರೂ ಮೇಲೆ ಕೊಂಬೆ ಒಣಗಿ ಪುಡಿ ಹಾರಬಹುದು. ಟೆಕ್ಸಾಸ್‌ನ ಸೀಡರ್ ಅಂತೂ ಉತ್ತರದ ಚಳಿಗಾಳಿ ಬಂದು ಹವೆ ಒಣಗಿದ ದಿನವೇ ಹೊಗೆ ಎದ್ದ ಹಾಗೆ ಪರಾಗ ಬಿಡುತ್ತದೆ. ಹಾಗಾಗಿ ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಬಿಸಿಲು, ಒಣಹವೆ, ಗಾಳಿ ಮೂರೂ ಸೇರಿದ ದಿನ ಚಳಿ ಇದ್ದರೂ ಅಪಾಯ ಜಾಸ್ತಿ. ಇನ್ನೊಂದು ಮಾತು. ಬರ್ಚ್ ಪರಾಗ ನೂರಾರು ಕಿಲೋಮೀಟರ್ ಹಾರಿ ಬರುತ್ತದೆ. ನಿಮ್ಮ ಬೀದಿಯ ಮರ ಇನ್ನೂ ಮಲಗಿದ್ದರೂ ದಕ್ಷಿಣದ ಗಾಳಿ ಬೇರೆ ಕಡೆಯದನ್ನು ತಂದು ಹಾಕಬಹುದು.

ಹೂಗೊಂಚಲು ಬಿಚ್ಚಿದ ಮೇಲೆ ನೀರು ಹೆಪ್ಪುಗಟ್ಟುವಂಥ ಚಳಿ ಬಿದ್ದರೆ ಗೊಂಚಲು ಕರಟಿ ಪರಾಗ ಕಡಿಮೆಯಾಗುವುದೂ ಉಂಟು. ಇದನ್ನು ನೆಚ್ಚಿಕೊಂಡು ಕೂರಬೇಡಿ. ಉತ್ತರ ಅಮೆರಿಕದಲ್ಲಿ 1990ರಿಂದ 2018ರವರೆಗಿನ ಅಂಕಿಗಳನ್ನು ನೋಡಿದ ಒಂದು ಅಧ್ಯಯನ 2021ರಲ್ಲಿ ಬಂತು. ಪರಾಗದ ಸೀಸನ್ ಸುಮಾರು 20 ದಿನ ಬೇಗ ಶುರುವಾಗುತ್ತಿದೆ, ಪರಾಗದ ಪ್ರಮಾಣವೂ ಸುಮಾರು 21 ಶೇಕಡಾ ಏರಿದೆ ಅಂತ ಅದು ಹೇಳಿತು. ಹಳಬರು ಹೇಳುವ ತಿಂಗಳುಗಳನ್ನೇ ನಂಬಿ ಕೂತರೆ ತಡವಾಗುತ್ತದೆ.

ಪೋಲನ್ ಕೌಂಟ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಪರಾಗದ ಕಣ ಇದೆ ಅನ್ನುವ ಲೆಕ್ಕ ಅದು. ಬಹಳ ಕಡೆ ಇವತ್ತಿಗೂ ಮೈಕ್ರೋಸ್ಕೋಪ್ ಕೆಳಗೆ ಕಣ್ಣಲ್ಲೇ ಎಣಿಸುತ್ತಾರೆ. ಹಾಗಾಗಿ ಕೌಂಟ್ ಅಂದರೆ ಹೆಚ್ಚಾಗಿ ನಿನ್ನೆಯ ಲೆಕ್ಕ. ನಾಳೆಯದು ಬೇಕಾದರೆ ಫೋರ್‌ಕಾಸ್ಟ್ ನೋಡಬೇಕು. ಕೆಲವು ಕೇಂದ್ರಗಳು ನಡುಚಳಿಗಾಲದಲ್ಲಿ ಎಣಿಸುವುದನ್ನೇ ನಿಲ್ಲಿಸುತ್ತವೆ. ಅಲ್ಲಿ ಸಂಖ್ಯೆ ಇಲ್ಲ ಅಂದರೆ ಪರಾಗ ಇಲ್ಲ ಅಂತ ಅರ್ಥವಲ್ಲ. "ಮರ" ಅಂತ ಒಟ್ಟಾಗಿ ಬರೆದಿದ್ದರೆ ಯಾವ ಮರ ಅಂತ ಹುಡುಕಿ ನೋಡಿ.

ನೆಗಡಿಯೋ ಅಲರ್ಜಿಯೋ? ಕಣ್ಣು, ಮೂಗು, ಅಂಗುಳು ತುರಿಸಿದರೆ ಅಲರ್ಜಿಯ ಅನುಮಾನ ಪಡಿ. ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ಮೂಗಿನಿಂದ ಬರುವುದು ತಿಳಿನೀರು. ನೆಗಡಿ ವಾರ, ಹತ್ತು ದಿನದಲ್ಲಿ ಹೋಗುತ್ತದೆ, ಇದು ವಾರಗಟ್ಟಲೆ ಎಳೆಯುತ್ತದೆ. ಹೊರಗಿಗಿಂತ ಮನೆಯೊಳಗೆ, ಅದೂ ಹಾಸಿಗೆಯಲ್ಲೇ ಜಾಸ್ತಿ ಅನ್ನಿಸಿದರೆ ಮರವಲ್ಲ, ಧೂಳಿನ ನುಸಿ ಇರಬಹುದು. ಸೇಬು ಅಥವಾ ಹೇಜಲ್ ಬೀಜ ತಿಂದಾಗ ಬಾಯಿ ತುರಿಸಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಬರ್ಚ್ ಪರಾಗದ ಅಲರ್ಜಿ ಇರುವವರಲ್ಲಿ ಹೀಗಾಗುವುದುಂಟು.

ಔಷಧದ ಬಗ್ಗೆ ಒಂದೇ ಮಾತು ಒತ್ತಿ ಹೇಳುತ್ತೇನೆ: ಮುಂಚೆ ಶುರು ಮಾಡಿ. ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಪೂರ್ತಿ ಕೆಲಸ ಮಾಡಲು ಒಂದೆರಡು ವಾರ ಬೇಕು. ಸೀನು ಬಂದ ಮೇಲೆ ಓಡುವ ಬದಲು ಡಿಸೆಂಬರ್‌ನಲ್ಲೇ ಡಾಕ್ಟರ ಹತ್ತಿರ ಮಾತಾಡಿ. ಇಮ್ಯುನೋಥೆರಪಿ, ಅಂದರೆ ಅಲರ್ಜಿ ತರುವ ಪರಾಗವನ್ನೇ ಸ್ವಲ್ಪಸ್ವಲ್ಪ ಕೊಟ್ಟು ಮೈಗೆ ರೂಢಿ ಮಾಡಿಸುವ ಚಿಕಿತ್ಸೆಯ ಯೋಚನೆ ಇದ್ದರೆ ಇನ್ನೂ ಬೇಗ ಹೋಗಿ. ಅದು ಸಾಮಾನ್ಯವಾಗಿ 3 ವರ್ಷದ ಚಿಕಿತ್ಸೆ, ಸೀಸನ್‌ಗೆ ತಿಂಗಳುಗಳ ಮುಂಚೆ ಶುರುವಾಗಬೇಕು. ಯಾವುದರ ಅಲರ್ಜಿ ಅಂತ ತಿಳಿಯಲು ಮಾಡುವ ಚರ್ಮದ ಪರೀಕ್ಷೆಗೆ ಮುಂಚೆ ಆಂಟಿಹಿಸ್ಟಮಿನ್ (ಸೀನು, ತುರಿಕೆ ತಡೆಯುವ) ಮಾತ್ರೆ ಕೆಲವು ದಿನ ನಿಲ್ಲಿಸಬೇಕು. ಎಷ್ಟು ದಿನ ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಇಲ್ಲದಿದ್ದರೆ ಸುಮ್ನೆ ವಾಪಸ್ ಬರಬೇಕಾಗುತ್ತದೆ.

ಮನೆಯಲ್ಲಿ ಮಾಡುವುದು ಸುಲಭ. ಹೊರಗಿಂದ ಬಂದ ಜಾಕೆಟ್, ಟೋಪಿ ಮಲಗುವ ಕೋಣೆಗೆ ತರಬೇಡಿ. ಉಣ್ಣೆಗೆ ಪರಾಗ ಚೆನ್ನಾಗಿ ಅಂಟುತ್ತದೆ. ಮಲಗುವ ಮುಂಚೆ ತಲೆ ತೊಳೆಯಿರಿ. ಒಣಗಾಳಿಯ ದಿನ ಬಟ್ಟೆ ಹೊರಗೆ ಒಣಹಾಕಬೇಡಿ. ಉಸಿರಾಡುವಾಗ ಸುಯ್ ಅನ್ನುವ ಸದ್ದು ಬಂದರೆ, ಎದೆ ಬಿಗಿದರೆ, ಮಕ್ಕಳು ರಾತ್ರಿ ಕೆಮ್ಮಿ ಕೆಮ್ಮಿ ಎದ್ದರೆ ಕಾಯಬೇಡಿ, ಅದು ಆಸ್ತಮಾ ಇರಬಹುದು. ಬೇಗ ತೋರಿಸಿ. ಪ್ರತಿ ವರ್ಷ ಯಾವ ದಿನ ಶುರುವಾಯಿತು, ಅವತ್ತು ಹವೆ ಹೇಗಿತ್ತು ಅಂತ ಬರೆದಿಟ್ಟು ಆ ಹಾಳೆಯನ್ನೂ ಜೊತೆಗೆ ಒಯ್ಯಿರಿ. ನನ್ನ ಡಾಕ್ಟರು ಮೊದಲು ಕೇಳಿದ್ದೇ ತಾರೀಖು.